ಪಕ್ಷಿವೀಕ್ಷಕನಿಗೆ ಕಿರುದುರ್ಬೀನು

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮಸೂರಗಳ ವಿಚಾರವಾಗಿ ಬರೆಯಹೊರಟರೆ ವಿಜ್ಞಾನದ ಅಧ್ಯಾಪಕರು ಮುಗುಳ್ನಗಬಹುದು. ಆದರೆ ಅದಕ್ಕೆ ಕಾರಣವಿದೆ. ಈ ವರ್ಷ ನಾವು ಹನ್ನೊಂದು ಮಂದಿ ಗೆಳೆಯರು ಚಂದಾ ಕೂಡಿಸಿ ಒಂದು ದುರ್ಬೀನು ಕೊಳ್ಳಲು ನಿಶ್ಚಯಿಸಿದೆವು. ನಮ್ಮಲ್ಲಿ ಹೆಚ್ಚಿನವರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಆ ಚಂದಾದಲ್ಲಿ ರಜೆಯ ದಿನಗಳಲ್ಲಿ ಉಳ್ಳಾಗಡ್ಡಿ ಹೊಲದಲ್ಲಿ ದುಡಿದ ಕೂಲಿಯೂ ಇದೆ; ಇಳಕಲ್ಲಿನ ಮಗ್ಗದ ಮನೆಯ ತಾಯಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಕೊಟ್ಟ ಹಣವೂ ಇದೆ. ಎರಡನೆಯ ಸಲ ಕೊಳ್ಳುವ ಶಕ್ತಿ ನಮಗಿಲ್ಲ. ಆದುದರಿಂದ ಕೊಳ್ಳುವ ಮೊದಲೇ ಎಲ್ಲವನ್ನೂ ವಿಚಾರಿಸಿ ತಿಳಿಯುವ ಕೆಲಸವನ್ನು ಗೆಳೆಯರು ನನಗೆ ಒಪ್ಪಿಸಿದರು. ನಮ್ಮ ಗುರುಗಳೊಬ್ಬರ ಹಳೆಯ ದುರ್ಬೀನು, ಐಹೊಳೆಗೆ ಬರುವ ಪ್ರವಾಸಿಗಳು ದೊಡ್ಡ ಮನಸ್ಸಿನಿಂದ ನೋಡಗೊಟ್ಟ ಬಗೆಬಗೆಯ ದುರ್ಬೀನುಗಳು, ಇವುಗಳಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಪ್ರತಿಯೊಂದು ದುರ್ಬೀನಿನ ಮೈಮೇಲೆ 8×25, 8×32, 8×42, 10×42 ಎಂಬಂತೆ ಎರಡು ಸಂಖ್ಯೆಗಳು ಇರುತ್ತವೆ. ಮೊದಲನೆಯದು ವರ್ಧನೆ, ಎಂದರೆ ವಸ್ತುವು ಎಷ್ಟು ಮಡಿ ಹತ್ತಿರ ಬಂದಂತೆ ಕಾಣುವುದೆಂಬುದು. ಎಂಬತ್ತು ಮೀಟರ್ ದೂರದ ಹಕ್ಕಿ ಎಂಟರ ದುರ್ಬೀನಿನಲ್ಲಿ ಹತ್ತು ಮೀಟರ್ ದೂರದಲ್ಲಿ ಕೂತಂತೆ ಕಾಣುತ್ತದೆ. ಎರಡನೆಯದು ಮುಂದಿನ ಗಾಜಿನ ಅಡ್ಡಗಲ, ಮಿಲಿಮೀಟರಿನಲ್ಲಿ. ಮಳೆಯ ನೀರಿಗೆ ಹಿಡಿದ ಕೊಡದ ಬಾಯಿಯಿದ್ದಂತೆ ಇದು. ಬಾಯಿ ಅಗಲವಾದಷ್ಟೂ ಹೆಚ್ಚು ಬೆಳಕು ಒಳಕ್ಕೆ ಬರುತ್ತದೆ. 25ರ ಗಾಜಿಗಿಂತ 42ರ ಗಾಜು ಸುಮಾರು 2.8 ಪಟ್ಟು ಬೆಳಕನ್ನು ಹಿಡಿಯುತ್ತದೆ. ಆದರೆ ಹೊರುವ ಭಾರವೂ ಬೆಳೆಯುತ್ತದೆ. 25ರದು ಸಾಮಾನ್ಯವಾಗಿ 250ರಿಂದ 350 ಗ್ರಾಂ ಇದ್ದರೆ 42ರದು 600ರಿಂದ 800 ಗ್ರಾಂ. ಕೊರಳಿಗೆ ಹಾಕಿಕೊಂಡು ಮೇಗುತಿ ಗುಡ್ಡವನ್ನೊಮ್ಮೆ ಹತ್ತಿದವನಿಗೆ ಈ ಅಂತರವನ್ನು ಬೇರೆ ಹೇಳಬೇಕಾಗಿಲ್ಲ.

ಈ ಎರಡು ಸಂಖ್ಯೆಗಳಿಗಿಂತಲೂ ಮುಖ್ಯವಾದದ್ದು ಅವುಗಳ ಭಾಗಲಬ್ಧ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ದುರ್ಬೀನಿನಿಂದ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಕ್ಕುತ್ತದೆ. 8×25ಕ್ಕೆ ಅದು ಸುಮಾರು 3 ಮಿಲಿಮೀಟರ್, 8×32ಕ್ಕೆ 4, 8×42ಕ್ಕೆ 5ಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಕಣ್ಣಿನ ಪಾಪೆ ಬಿಸಿಲಿನಲ್ಲಿ 2-3 ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲಲ್ಲಿ, ಎಳೆಯ ವಯಸ್ಸಿನವರಲ್ಲಿ, 7ರವರೆಗೂ ಅರಳುತ್ತದೆ. ಹೀಗಾಗಿ ಹೊತ್ತು ಏರಿದ ಮೇಲೆ ಮಲಪ್ರಭೆಯ ದಂಡೆಯಲ್ಲಿ ಮಿಂಚುಳ್ಳಿಯನ್ನು ನೋಡುವವನಿಗೆ 8×25 ಏನೂ ಕಡಮೆಯಲ್ಲ. ದೊಡ್ಡ ದುರ್ಬೀನು ತರುವ ಹೆಚ್ಚಿನ ಬೆಳಕು ಆಗ ಪಾಪೆಯ ಹೊರಗೇ ಬಿದ್ದು ವ್ಯರ್ಥವಾಗುತ್ತದೆ. ಆದರೆ ನಸುಕಿನಲ್ಲಿ ಹಾಳುಗುಡಿಯ ಸಂದಿಯಿಂದ ಇಣುಕುವ ಹಾಲಕ್ಕಿಯನ್ನು ನೋಡಬೇಕೆಂದರೆ 3 ಮಿಲಿಮೀಟರಿನ ಬಿಲ್ಲೆ ಸಾಲದು. ಬೂದುಬಣ್ಣದ ಮುದ್ದೆಯೊಂದೇ ಕಾಣುತ್ತದೆ.

ಈ ಲೆಕ್ಕದಿಂದ ಇನ್ನೊಂದು ಲಾಭವೂ ಉಂಟು. ನನಗೆ ಅತ್ಯಂತ ಹಿಡಿಸಿದ್ದು ಇದೇ. ಜಾತ್ರೆ ಪೇಟೆಗಳಲ್ಲಿಯೂ ಅಂತರ್ಜಾಲದ ಅಂಗಡಿಗಳಲ್ಲಿಯೂ ಅಂಗೈಯಗಲದ ದುರ್ಬೀನಿನ ಮೇಲೆ 50×50 ಎಂದೂ, ಅದಕ್ಕಿಂತ ದೊಡ್ಡದನ್ನೂ ಅಚ್ಚುಹಾಕಿ ಮಾರುತ್ತಾರೆ. ನಿಜವೋ ಸುಳ್ಳೋ ಎಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ದುರ್ಬೀನನ್ನು ಬಯಲಿನ ಬೆಳ್ಳನೆಯ ಆಕಾಶದ ಕಡೆಗೆ, ಸೂರ್ಯನಿರುವ ದಿಕ್ಕನ್ನು ಬಿಟ್ಟು, ಒಂದು ತೋಳಿನಷ್ಟು ದೂರದಲ್ಲಿ ಹಿಡಿಯಿರಿ. ಕಣ್ಣಿಡುವ ಗಾಜುಗಳಲ್ಲಿ ಎರಡು ಬೆಳಕಿನ ಬಿಲ್ಲೆಗಳು ತೇಲುತ್ತಿರುತ್ತವೆ. ಅವುಗಳ ಅಗಲವನ್ನು ಅಳೆಯಿರಿ. 50×50 ನಿಜವಾಗಿದ್ದರೆ ಬಿಲ್ಲೆ 1 ಮಿಲಿಮೀಟರ್ ಇರಬೇಕು. ಅದು 5 ಇದ್ದರೆ, ಐವತ್ತನ್ನು ಐದರಿಂದ ಭಾಗಿಸಿ. ವರ್ಧನೆ ಹತ್ತರ ಆಸುಪಾಸಿನದೇ ಹೊರತು ಐವತ್ತಲ್ಲ. ಮುಂದಿನ ಗಾಜು ನಿಜವಾಗಿ 50 ಇದೆಯೇ ಎಂಬುದನ್ನೂ ಅದೇ ಪಟ್ಟಿಯಿಂದ ನೋಡಬಹುದು. ಬಿಲ್ಲೆಗಳು ಪೂರ್ತಿ ದುಂಡಗಿದ್ದರೆ ಒಳಗಿನ ಪ್ರಿಸಮ್ಮುಗಳು ಒಳ್ಳೆಯವು. ಅಂಚು ಕತ್ತರಿಸಿ ಚೌಕದಂತೆ ಮಸುಕಾಗಿದ್ದರೆ ಅಗ್ಗದ ಗಾಜೆಂದು ತಿಳಿಯಬೇಕು. ಅಂಗಡಿಯವನ ಮಾತಿಗಿಂತ ಐದು ರೂಪಾಯಿಯ ಪಟ್ಟಿ ಹೆಚ್ಚು ಪ್ರಾಮಾಣಿಕ.

ಹಾಗಾದರೆ ನಿಜವಾದ ಹತ್ತರ ವರ್ಧನೆ ಎಂಟಕ್ಕಿಂತ ಮೇಲಲ್ಲವೇ ಎಂದು ಗೆಳೆಯರು ವಾದಿಸಿದರು. ಹಕ್ಕಿಯನ್ನು ಹತ್ತು ಮಡಿ ಹಿಗ್ಗಿಸುವ ಯಂತ್ರವು ನಮ್ಮ ಕೈಯ ನಡುಕವನ್ನೂ ಹತ್ತು ಮಡಿ ಹಿಗ್ಗಿಸುತ್ತದೆಂಬುದನ್ನು ಮರೆಯಬಾರದು. ರವಿಕೀರ್ತಿಯು ಕ್ರಿ. ಶ. 634ರ ಶಾಸನವನ್ನು ಬರೆಯಿಸಿದ ಮೇಗುತಿಯ ಬಸದಿಯ ಮುಂದೆ ಗಾಳಿ ಬೀಸುವಾಗ ನಿಂತು ನೋಡಿದರೆ ಈ ಮಾತು ತಾನೇ ಅರ್ಥವಾಗುತ್ತದೆ. ಬೇಸಗೆಯ ಮಧ್ಯಾಹ್ನವಂತೂ ಬಂಡೆಯ ಮೇಲಿನಿಂದಲೂ ಎರೆಹೊಲದ ಮೇಲಿನಿಂದಲೂ ಏಳುವ ಬಿಸಿಗಾಳಿಯು ನೋಟವನ್ನೇ ಕಲಕಿಬಿಡುತ್ತದೆ. ಆಗ ವರ್ಧನೆ ಹೆಚ್ಚಿದಷ್ಟೂ ಕಲಕೇ ಹೆಚ್ಚು. ಮೇಲಾಗಿ ವರ್ಧನೆ ಏರಿದಂತೆ ಸಾಮಾನ್ಯವಾಗಿ ನೋಟದ ಹರವು ಕಿರಿದಾಗುತ್ತದೆ. ಎಂಟರ ದುರ್ಬೀನಿನಲ್ಲಿ ಸಾವಿರ ಮೀಟರ್ ದೂರಕ್ಕೆ ಸುಮಾರು 110ರಿಂದ 140 ಮೀಟರ್ ಅಗಲದ ಬಯಲು ಕಾಣುವುದುಂಟು. ಜಾಲಿಯ ಕಂಟಿಯಲ್ಲಿ ನಿಮಿಷಕ್ಕೊಂದು ಟೊಂಗೆ ಬದಲಿಸುವ ಪುಟ್ಟ ಹಕ್ಕಿಯನ್ನು ಹುಡುಕಲು ಆ ಹರವೇ ಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಕಡೆ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಯ ದಂಡೆಯಲ್ಲಿ ಕೂತು, ಹಿಮಾಲಯವನ್ನು ದಾಟಿ ಬಂದ ಬಾತುಗಳ ತಲೆಯ ಮೇಲಿನ ಎರಡು ಕರಿಪಟ್ಟೆಗಳನ್ನು ದೂರದಿಂದ ಎಣಿಸುವವನಿಗೆ ಮಾತ್ರ ಹತ್ತರ ವರ್ಧನೆ ಉಪಯೋಗಕ್ಕೆ ಬಂದೀತು.

ದುರ್ಬೀನಿನೊಳಗೆ ಪ್ರಿಸಮ್ಮು ಏಕೆ ಬೇಕೆಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಎರಡು ಉಬ್ಬು ಮಸೂರಗಳಿಂದ ನೋಡಿದರೆ ಲೋಕವೆಲ್ಲ ತಲೆಕೆಳಗು. ಅದನ್ನು ನೆಟ್ಟಗೆ ಮಾಡುವ ಪ್ರಿಸಮ್ಮುಗಳ ಜೋಡಣೆಯನ್ನು ಇಟಲಿಯ ಪೊರ್ರೊ ಎಂಬಾತನು 1854ರಲ್ಲಿ ಕಂಡುಹಿಡಿದನು. ಜರ್ಮನಿಯ ಝೈಸ್ ಸಂಸ್ಥೆಯು ಅದನ್ನು ಬಳಸಿದ ದುರ್ಬೀನುಗಳನ್ನು 1894ರಲ್ಲಿ ಮಾರಾಟಕ್ಕೆ ತಂದಿತು. ಹೆಗಲು ಮುರಿದಂತೆ ಕಾಣುವ ಅಗಲದ ದುರ್ಬೀನುಗಳು ಈ ಬಗೆಯವು. ನೇರ ಕೊಳವೆಯವುಗಳಲ್ಲಿರುವುದು ಸೂರಿನಾಕಾರದ ಪ್ರಿಸಮ್ಮು. ಅದು ಅಡಕ, ಆದರೆ ಅದನ್ನು ಬಹು ನಿಖರವಾಗಿ ಉಜ್ಜಬೇಕು, ಮೇಲೆ ವಿಶೇಷ ಲೇಪವನ್ನೂ ಹಾಕಬೇಕು. ಆದಕಾರಣ ಕಡಿಮೆ ಹಣದಲ್ಲಿ ಒಳ್ಳೆಯ ನೋಟ ಬೇಕೆನ್ನುವವನು ಪೊರ್ರೊ ಬಗೆಯದನ್ನೇ ಮೊದಲು ನೋಡುವುದು ಲೇಸು.

ಇನ್ನು ಬೇಟೆಯ ಮಾತು. ದುರ್ಬೀನಿನ ಪುಸ್ತಕಗಳಲ್ಲಿ ಪಕ್ಷಿವೀಕ್ಷಕನನ್ನೂ ಬೇಟೆಗಾರನನ್ನೂ ಒಟ್ಟಿಗೇ ಹೇಳುವ ರೂಢಿಯಿದೆ. ನಮ್ಮ ಜಿಲ್ಲೆಗೂ ಬೇಟೆಗೂ ಹಳೆಯ ನಂಟು. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಸರಕಾರದ ಮೇಲೆ ತಿರುಗಿಬಿದ್ದವರು. ಮುಧೋಳದ ಬೇಟೆನಾಯಿಯಂತೂ ಮೂಸಿ ಹಿಡಿಯುವುದಕ್ಕಿಂತ ಕಣ್ಣಿನಿಂದ ನೋಡಿ ಬೆನ್ನಟ್ಟುವ ತಳಿ. ಅದಕ್ಕೆ ದುರ್ಬೀನಿನ ಹಂಗಿಲ್ಲ! ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದಮೇಲೆ ಬೇಟೆ ಅಪರಾಧ. ಗೌಜಲಕ್ಕಿಗೆ ಉರುಲು ಹಾಕುವುದೂ ಅದರಲ್ಲಿ ಸೇರಿದೆಯೆಂಬುದನ್ನು ನಮ್ಮ ಹಳ್ಳಿಗಳ ಕೆಲವು ಹಿರಿಯರು ಇನ್ನೂ ಒಪ್ಪುವುದಿಲ್ಲ. ಬೇಟೆ ಹೋದರೂ ಬೇಟೆಗಾರನ ದುರ್ಬೀನಿನ ಲಕ್ಷಣ ಮಾತ್ರ ಉಪಯುಕ್ತವಾಗಿ ಉಳಿದಿದೆ. ಅವನಿಗೆ ಬೇಕಾಗಿದ್ದದ್ದು ನಸುಕು ಮುಸ್ಸಂಜೆಗಳ ಬೆಳಕು. ಮೃಗಗಳು ಮೇಯಲು ಹೊರಡುವುದು ಆಗಲೇ. 2016ರಲ್ಲಿ ಘೋಷಿತವಾದ ಯಡಹಳ್ಳಿ ಚಿಂಕಾರ ಧಾಮದ ಕುರುಚಲಿನಲ್ಲಿ ಮಣ್ಣಿನ ಬಣ್ಣದ ಚಿಂಕಾರವನ್ನು ಗುರುತಿಸಬೇಕಾದವನಿಗೂ ಬೇಕಾದದ್ದು ಅದೇ. ಅಂಥವನು 42ರ ಭಾರವನ್ನು ಹೊರಲೇಬೇಕು. ಸಲೀಂ ಅಲಿಯವರು ಬಾಲ್ಯದಲ್ಲಿ ಹೊಡೆದ ಹಳದಿ ಕತ್ತಿನ ಗುಬ್ಬಿಯೇ ಅವರನ್ನು ಪಕ್ಷಿಶಾಸ್ತ್ರಕ್ಕೆ ಕರೆತಂದಿತು. ಆ ಕಾಲದಲ್ಲಿ ಹಕ್ಕಿಯ ಹೆಸರು ತಿಳಿಯಲು ಅದನ್ನು ಕೊಂದು ಕೈಯಲ್ಲಿ ಹಿಡಿದು ನೋಡುವುದೇ ವಾಡಿಕೆ. ಇಂದು ಆ ಕೆಲಸವನ್ನು ಗಾಜು ಮಾಡುತ್ತದೆ.

ಹನ್ನೊಂದು ಮಂದಿಗೆ ಒಂದೇ ದುರ್ಬೀನೆಂದಾಗ ಇನ್ನೂ ಕೆಲವು ಸಂಗತಿಗಳು ಮುಂದೆ ಬಂದವು. ನಮ್ಮಲ್ಲಿ ಮೂವರಿಗೆ ಕನ್ನಡಕವಿದೆ. ಅವರಿಗೆ ಕಣ್ಣಿಡುವ ಗಾಜಿನಿಂದ ಕನಿಷ್ಠ 15 ಮಿಲಿಮೀಟರ್ ಹಿಂದೆ ನಿಂತರೂ ಪೂರ್ಣ ನೋಟ ಸಿಕ್ಕಬೇಕು; ತೀರ ಪುಟ್ಟ ದುರ್ಬೀನುಗಳಲ್ಲಿ ಹಲವು ಇಲ್ಲಿಯೇ ಸೋಲುತ್ತವೆ. ಎಡಗಣ್ಣಿಗೆ ನಡುವಿನ ಚಕ್ರವನ್ನು ತಿರುಗಿಸಿ, ಆಮೇಲೆ ಬಲಗಣ್ಣಿಗೆ ಅದರ ಬಳೆಯನ್ನು ತಿರುಗಿಸಿ ಹೊಂದಿಸಿಕೊಳ್ಳಬೇಕೆಂಬುದನ್ನು ಅನೇಕರು ಅರಿಯರು. ದುರ್ಬೀನೇ ಕೆಟ್ಟದೆಂದು ದೂರುತ್ತಾರೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಹತ್ತಿರದ ನೋಟವೂ ಅಗತ್ಯ. ಬಾದಾಮಿಯ ಮೊದಲನೆಯ ಗುಹೆಯ ಚಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜನನ್ನು ಕೊರಳು ನೋಯಿಸಿಕೊಂಡು ನೋಡಿದವರು ಎರಡು ಮೂರು ಮೀಟರಿಗೆ ಸ್ಪಷ್ಟವಾಗುವ ದುರ್ಬೀನಿನಲ್ಲಿ ಇನ್ನೊಮ್ಮೆ ನೋಡಬೇಕು.

ಇದನ್ನೆಲ್ಲ ತೂಗಿ ನಾನು ಗೆಳೆಯರ ಮುಂದಿಟ್ಟ ಅಭಿಪ್ರಾಯ ಹೀಗಿದೆ: ಒಬ್ಬನೇ ಕೊಂಡು ಹಗಲಿನಲ್ಲಿ ಕಿಸೆಯಲ್ಲಿಟ್ಟು ತಿರುಗುವವನಿಗೆ 8×25 ಸಾಕು, ಹನ್ನೊಂದು ಮಂದಿಯ ಹಣಕ್ಕೆ 8×32 ತಕ್ಕದ್ದು. ಚಿಂಕಾರದ ಹುಚ್ಚಿನ ಗೆಳೆಯನೊಬ್ಬನು ಇನ್ನೂ 42ಕ್ಕೇ ಹಟ ಹಿಡಿದಿದ್ದಾನೆ. ಅವನೇ ಹೊತ್ತು ತರುವುದಾದರೆ ನನ್ನ ಅಡ್ಡಿಯಿಲ್ಲವೆಂದಿದ್ದೇನೆ.

ಕೊಂಡ ಮೇಲಿನ ಎರಡು ಮಾತು. ಹೊಳೆಯ ದಂಡೆಯಲ್ಲಿ ಹೆಣ್ಣುಮಕ್ಕಳು ಅರಿವೆ ಒಗೆಯುವ ಕಡೆಗೆ ದುರ್ಬೀನನ್ನು ಎತ್ತಲೇಕೂಡದು; ಅತ್ತ ಎಷ್ಟು ಅಪರೂಪದ ಹಕ್ಕಿ ಕೂತಿದ್ದರೂ ಸರಿ. ಮಸಣಿ ಧೂಳಿನ ಗಾಜನ್ನು ಅಂಗಿಯ ತುದಿಯಿಂದ ಉಜ್ಜಿದರೆ ಮರಳಿನ ಕಣಗಳು ಲೇಪವನ್ನು ಗೀರುತ್ತವೆ. ಮೊದಲು ಧೂಳನ್ನು ಊದಿ, ಮೆತ್ತನೆಯ ಕುಂಚದಿಂದ ಹಾರಿಸಿ, ಅನಂತರವೇ ಒರೆಸಬೇಕು. ಮಳೆಗಾಲದಲ್ಲಿ ಚೀಲದಲ್ಲಿ ಮುಚ್ಚಿಟ್ಟರೆ ಗಾಜಿನ ಮೇಲೆ ಬೂಸು ಹಿಡಿಯುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ, ಹೊಸ ಬೂಟಿನ ಪೆಟ್ಟಿಗೆಯಲ್ಲಿ ಸಿಕ್ಕುವ ತೇವ ಹೀರುವ ಹರಳಿನ ಪೊಟ್ಟಣಗಳೊಡನೆ ಇಡುವುದು ಉತ್ತಮ. ಆ ಪೊಟ್ಟಣಗಳನ್ನು ನಾವು ಈಗಲೇ ಕೂಡಿಹಾಕತೊಡಗಿದ್ದೇವೆ.