ಹೇಳಲಾಗದ ಮಗುವಿನ ಪರವಾಗಿ

ಶಾಲೆಯಲ್ಲಿ ವಿಕಲಚೇತನ ಮಗುವಿನ ಮೇಲೆ ನಡೆಯುವ ದೌರ್ಜನ್ಯಕ್ಕೆ ಹಲವು ರೂಪಗಳಿವೆ. ಹೊಡೆಯುವುದು, ಕುರ್ಚಿಗೋ ಕಿಟಕಿಯ ಸರಳಿಗೋ ಕಟ್ಟಿಹಾಕುವುದು, ಖಾಲಿ ಕೋಣೆಯಲ್ಲಿ ಕೂಡಿಹಾಕುವುದು ಕಣ್ಣಿಗೆ ಕಾಣುವಂಥವು. ಶೌಚಾಲಯಕ್ಕೆ ಕರೆದೊಯ್ಯದೆ ಒದ್ದೆ ಬಟ್ಟೆಯಲ್ಲೇ ಸಂಜೆಯವರೆಗೆ ಕೂರಿಸುವುದು, ಬಟ್ಟೆ ಒದ್ದೆ ಮಾಡಿಕೊಳ್ಳುತ್ತದೆಂದು ಮಗುವಿಗೆ ನೀರನ್ನೇ ಕೊಡದಿರುವುದು, ಶ್ರವಣ ಸಾಧನ ಕಿತ್ತಿಟ್ಟುಕೊಳ್ಳುವುದು, ಊರುಗೋಲನ್ನು ಕೈಗೆಟುಕದಂತೆ ಇಡುವುದು, ‘ಕುಂಟ’, ‘ಮೂಗ’, ‘ಹುಚ್ಚ’ ಎಂದು ಎಲ್ಲರೆದುರು ಕರೆಯುವುದು, ಇನ್‌ಸ್ಪೆಕ್ಷನ್ ದಿನ ಮಗುವನ್ನು ಕಳಿಸಬೇಡಿ ಎನ್ನುವುದು ಅಷ್ಟು ಸುಲಭವಾಗಿ ಕಾಣದಂಥವು. ಮೈಮೇಲೆ ಗುರುತು ಉಳಿಸದ ಈ ಎರಡನೆಯ ಬಗೆಯನ್ನು ಸಾಬೀತುಪಡಿಸುವುದು ಕಷ್ಟ. ಆದರೆ ಎರಡನ್ನೂ ತಡೆಯುವ ಕಾನೂನು ಭಾರತದಲ್ಲಿದೆ. ಆ ಕಾನೂನಿನವರೆಗೆ ಕುಟುಂಬ ತಲುಪುವ ದಾರಿ ಮಾತ್ರ ಇನ್ನೂ ದುರ್ಗಮವಾಗಿದೆ.

ಮೌನದ ಕಾರಣಗಳು

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಯುನೆಸ್ಕೊ 2019ರಲ್ಲಿ ಪ್ರಕಟಿಸಿದ ಭಾರತದ ಶಿಕ್ಷಣ ಸ್ಥಿತಿಗತಿ ವರದಿಯಂತೆ, ಐದು ವರ್ಷದ ವಿಕಲಚೇತನ ಮಕ್ಕಳಲ್ಲಿ ಮುಕ್ಕಾಲು ಪಾಲು ಯಾವ ಶಿಕ್ಷಣ ಸಂಸ್ಥೆಗೂ ಹೋಗುತ್ತಿರಲಿಲ್ಲ. 5ರಿಂದ 19ರ ವಯಸ್ಸಿನವರಲ್ಲಿ ಕಾಲು ಪಾಲು ಶಾಲೆಯ ಹೊರಗಿದ್ದರು. ಒಳಗೆ ಕಾಲಿಡುವುದೇ ಇಷ್ಟು ದುರ್ಲಭವಾದಾಗ, ಒಳಗೆ ಏನು ನಡೆಯುತ್ತಿದೆ ಎಂದು ಕೇಳಲು ಹೆತ್ತವರು ಹಿಂಜರಿಯುತ್ತಾರೆ. ‘ಇಷ್ಟಾದರೂ ಸೇರಿಸಿಕೊಂಡಿದ್ದಾರಲ್ಲ’ ಎಂಬ ಋಣಭಾವ ಅವರ ಬಾಯಿ ಕಟ್ಟುತ್ತದೆ. ದೂರು ಕೊಟ್ಟರೆ ಟಿ.ಸಿ. ಕೈಗಿಡುತ್ತಾರೆಂಬ ಭಯವಿರುತ್ತದೆ. ಊರಿನ ಸುತ್ತ ಬೇರೆ ಶಾಲೆಯೇ ಇಲ್ಲದಿದ್ದರೆ ಆ ಭಯ ಇಮ್ಮಡಿಯಾಗುತ್ತದೆ.

ಇನ್ನೊಂದು ಕಾರಣ ಮಗುವಿನದೇ ಸ್ಥಿತಿ. ಮಾತು ಬಾರದ, ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಗು ಮನೆಗೆ ಬಂದು ನಡೆದದ್ದನ್ನು ವಿವರಿಸಲಾರದು. ಅದು ಬೇರೆ ರೀತಿಯಲ್ಲಿ ಹೇಳುತ್ತದೆ. ಸಮವಸ್ತ್ರ ಕಂಡೊಡನೆ ಅಳುವುದು, ಶಾಲಾ ವ್ಯಾನ್ ಹತ್ತಲು ಒಲ್ಲೆನೆನ್ನುವುದು, ನಿಂತುಹೋಗಿದ್ದ ಹಾಸಿಗೆಯಲ್ಲಿನ ಮೂತ್ರ ಮತ್ತೆ ಶುರುವಾಗುವುದು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು, ಕಲಿತಿದ್ದ ನಾಲ್ಕು ಮಾತುಗಳನ್ನೂ ಬಿಟ್ಟುಬಿಡುವುದು ಇಂಥ ಸೂಚನೆಗಳು. ಇವನ್ನು ‘ಅದರ ಕಾಯಿಲೆಯ ಸ್ವಭಾವ’ ಎಂದು ಶಾಲೆ ತಳ್ಳಿಹಾಕುವುದು ಸುಲಭ. ಎಷ್ಟೋ ಸಲ ಮನೆಯವರೂ ಹಾಗೆಯೇ ನಂಬಿಬಿಡುತ್ತಾರೆ. ಹೊಣೆಗಾರಿಕೆಯ ಪ್ರಶ್ನೆ ಹುಟ್ಟುವ ಮೊದಲೇ ಅಲ್ಲಿ ಸತ್ತುಹೋಗುತ್ತದೆ.

ಕಾನೂನು ಏನು ಹೇಳುತ್ತದೆ

ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ತಕ್ಕಂತೆ 1995ರ ಹಳೆಯ ಕಾಯ್ದೆಯ ಜಾಗದಲ್ಲಿ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಬಂದಿತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಈ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ಕೊಟ್ಟು, ಮಗುವಿಗೆ ಬೇಕಾದ ಅನುಕೂಲ ಒದಗಿಸಬೇಕೆಂದು 16ನೇ ಕಲಂ ಹೇಳುತ್ತದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು 31ನೇ ಕಲಂ ಕೊಡುತ್ತದೆ. ಎಂದರೆ, ಶಾಲೆಯವರು ಮಗುವನ್ನು ಸೇರಿಸಿಕೊಂಡದ್ದು ಉಪಕಾರವಲ್ಲ, ಕರ್ತವ್ಯ.

ದೌರ್ಜನ್ಯಕ್ಕೆ ಶಿಕ್ಷೆ ಹೇಳುವುದು 92ನೇ ಕಲಂ. ಸಾರ್ವಜನಿಕರ ಕಣ್ಣೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದು, ಮರ್ಯಾದೆ ಕಳೆಯುವ ಉದ್ದೇಶದಿಂದ ಹಲ್ಲೆ ಮಾಡುವುದು, ತನ್ನ ಸುಪರ್ದಿಯಲ್ಲಿರುವ ವಿಕಲಚೇತನ ವ್ಯಕ್ತಿಗೆ ಬೇಕೆಂದೇ ಅನ್ನ ನೀರು ಕೊಡದಿರುವುದು, ಅಂಗಕ್ಕೋ ಇಂದ್ರಿಯಕ್ಕೋ ಪೆಟ್ಟು ಮಾಡುವುದು, ಊರುಗೋಲು, ಗಾಲಿಕುರ್ಚಿ, ಶ್ರವಣ ಸಾಧನದಂಥ ಆಸರೆಯ ಬಳಕೆಗೆ ಅಡ್ಡಿ ಮಾಡುವುದು ಇವೆಲ್ಲ ಅದರಡಿ ಅಪರಾಧಗಳು. ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡ ಇದಕ್ಕೆ ನಿಗದಿಯಾಗಿದೆ. ವಿಚಾರಣೆಗೆ ಪ್ರತಿ ಜಿಲ್ಲೆಯಲ್ಲೂ ಒಂದು ಸೆಷನ್ಸ್ ನ್ಯಾಯಾಲಯವನ್ನು ವಿಶೇಷ ನ್ಯಾಯಾಲಯವೆಂದು ಗೊತ್ತುಪಡಿಸಬೇಕು.

ಇತರ ಕಾಯ್ದೆಗಳೂ ನೆರವಿಗಿವೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಟ್ಟಿಹಾಕುವುದು, ಕೂಡಿಹಾಕುವುದು, ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯಡಿ ಎಲ್ಲ ಮಕ್ಕಳ ವಿಷಯದಲ್ಲೂ ಅಪರಾಧವೇ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಮಗುವಿನ ವೈಕಲ್ಯವನ್ನು ದುರುಪಯೋಗಪಡಿಸಿಕೊಂಡದ್ದನ್ನೂ ಶಾಲೆಯ ಸಿಬ್ಬಂದಿಯೇ ಎಸಗಿದ್ದನ್ನೂ ಅದು ಹೆಚ್ಚು ತೀವ್ರವಾದ ಅಪರಾಧವೆಂದು ಪರಿಗಣಿಸುತ್ತದೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಮಗುವಿನ ಮಾತು, ಮಗುವಿನ ಸಾಕ್ಷ್ಯ

ಕಾನೂನು ಎಷ್ಟೇ ಬಿಗಿಯಾಗಿದ್ದರೂ ಪ್ರಕರಣ ನಿಲ್ಲುವುದು ಸಾಕ್ಷ್ಯದ ಮೇಲೆ. ಶಾಲೆಯ ಕೋಣೆಯೊಳಗೆ ನಡೆದದ್ದನ್ನು ಕಂಡವರು ಇತರ ಮಕ್ಕಳು ಮತ್ತು ಸಿಬ್ಬಂದಿ. ‘ಅದಕ್ಕೇನು ಗೊತ್ತಾಗುತ್ತದೆ’ ಎಂದು ನೊಂದ ಮಗುವಿನ ಹೇಳಿಕೆಯನ್ನೇ ಬದಿಗಿಡುವುದು ಠಾಣೆಯಿಂದ ನ್ಯಾಯಾಲಯದವರೆಗೆ ಹಳೆಯ ರೂಢಿ. ಈ ರೂಢಿಯನ್ನು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ತಿರಸ್ಕರಿಸಿತು. ಆಂಧ್ರಪ್ರದೇಶದ ಅಂಧ ಯುವತಿಯೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣವಾದ ಪಟಾನ್ ಜಮಾಲ್ ವಲಿ ತೀರ್ಪಿನಲ್ಲಿ, ವೈಕಲ್ಯವಿದೆ ಎಂಬ ಒಂದೇ ಕಾರಣಕ್ಕೆ ಸಾಕ್ಷಿಯ ಮಾತನ್ನು ದುರ್ಬಲವೆಂದೋ ಕೀಳೆಂದೋ ಕಾಣಬಾರದು ಎಂದು ಅದು ಸ್ಪಷ್ಟಪಡಿಸಿತು. ಮಾತನಾಡಲಾರದ ಸಾಕ್ಷಿ ಬರಹ ಅಥವಾ ಸನ್ನೆಯ ಮೂಲಕ ಕೊಟ್ಟ ಹೇಳಿಕೆಯನ್ನು ಕಾನೂನು ಮೌಖಿಕ ಸಾಕ್ಷ್ಯವೆಂದೇ ಪರಿಗಣಿಸುತ್ತದೆ. ಆಗ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಹೇಳಿಕೆಯನ್ನು ವಿಡಿಯೊದಲ್ಲಿ ದಾಖಲಿಸಬೇಕು.

ಸಾಕ್ಷ್ಯದ ಮೊದಲ ಕೆಲಸ ಮನೆಯಲ್ಲೇ ಆಗುತ್ತದೆ. ಗಾಯ ಕಂಡ ದಿನವೇ ಫೋಟೊ ತೆಗೆದು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಕಾರಣ ಹೇಳಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಬೇಕು. ಮಗುವಿನ ನಡವಳಿಕೆಯಲ್ಲಾದ ಬದಲಾವಣೆಯನ್ನು ದಿನಾಂಕ ಸಹಿತ ಪುಸ್ತಕವೊಂದರಲ್ಲಿ ಬರೆದಿಡಬೇಕು. ಶಾಲೆಗೆ ಕೊಡುವ ದೂರು ಬರಹದಲ್ಲಿರಬೇಕು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಬೀಳಬೇಕು. ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯಗಳು ದಾಖಲಾಗಿ ಹಳೆಯವು ಅಳಿಸಿಹೋಗುತ್ತವೆ. ಆದ್ದರಿಂದ ಅವನ್ನು ಕಾಪಾಡಿಡುವಂತೆ ಕೂಡಲೇ ಬರೆದು ಕೊಡಬೇಕು. ಮಗುವನ್ನು ಕೇಳುವಾಗ ಎಚ್ಚರ ಬೇಕು. ‘ಟೀಚರ್ ಹೊಡೆದರಾ?’ ಎಂದು ಉತ್ತರವನ್ನು ಬಾಯಿಗಿಟ್ಟು ಕೇಳುವುದಕ್ಕಿಂತ ‘ಶಾಲೆಯಲ್ಲಿ ಇವತ್ತು ಏನಾಯಿತು?’ ಎಂದು ಕೇಳಿ, ಚಿತ್ರ ಅಥವಾ ಗೊಂಬೆಯ ಮೂಲಕ ತೋರಿಸಲು ಬಿಡುವುದು ಒಳ್ಳೆಯದು. ಮತ್ತೆ ಮತ್ತೆ ಕೇಳಿ ಕಲಿಸಿದಂತಾದರೆ, ಮುಂದೆ ಅದೇ ನಿಜ ‘ಹೇಳಿಕೊಟ್ಟ ಮಾತು’ ಎನಿಸಿಕೊಳ್ಳುತ್ತದೆ.

ಎಲ್ಲಿಗೆ ಹೋಗಬೇಕು

ತಕ್ಷಣದ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಇವೆ. ಅಪರಾಧ ನಡೆದಿದ್ದರೆ ಯಾವ ಪೊಲೀಸ್ ಠಾಣೆಯಲ್ಲಾದರೂ ದೂರು ಕೊಡಬಹುದು. ಸರಹದ್ದು ನಮ್ಮದಲ್ಲ ಎಂದು ಠಾಣೆ ಮರಳಿ ಕಳಿಸುವಂತಿಲ್ಲ. ಎಫ್‌ಐಆರ್ ದಾಖಲಿಸದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ದೂರಿನಲ್ಲಿ 2016ರ ಅಧಿನಿಯಮದ 92ನೇ ಕಲಮನ್ನು ಹೆಸರಿಸಿ ಕೇಳುವುದು ಮುಖ್ಯ. ಇಲ್ಲವಾದರೆ ಪ್ರಕರಣ ಸಾಮಾನ್ಯ ಹಲ್ಲೆಯಾಗಿ ಉಳಿದು, ಮಗುವಿನ ವೈಕಲ್ಯದ ಅಂಶವೇ ಮರೆಯಾಗಬಹುದು.

ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ಬಾಗಿಲು ಕಾರ್ಯನಿರ್ವಾಹಕ ದಂಡಾಧಿಕಾರಿಯದು. ಕರ್ನಾಟಕದ ತಾಲ್ಲೂಕುಗಳಲ್ಲಿ ತಹಶೀಲ್ದಾರರೇ ಈ ಅಧಿಕಾರ ಹೊಂದಿರುತ್ತಾರೆ. ವಿಕಲಚೇತನರ ಮೇಲೆ ದೌರ್ಜನ್ಯ ನಡೆದಿದ್ದರೆ, ನಡೆಯುತ್ತಿದ್ದರೆ ಅಥವಾ ನಡೆಯುವ ಸಂಭವವಿದ್ದರೆ ಯಾರು ಬೇಕಾದರೂ ಅವರಿಗೆ ಮಾಹಿತಿ ಕೊಡಬಹುದು ಎನ್ನುತ್ತದೆ 2016ರ ಅಧಿನಿಯಮದ 7ನೇ ಕಲಂ. ಹೆತ್ತವರೇ ಆಗಬೇಕೆಂದಿಲ್ಲ, ಪಕ್ಕದ ಮನೆಯವರೂ, ಅದೇ ಶಾಲೆಯ ಅಡುಗೆಯವರೂ ಹೇಳಬಹುದು. ದೌರ್ಜನ್ಯ ತಡೆಯಲು, ಮಗುವನ್ನು ಅಲ್ಲಿಂದ ಬಿಡಿಸಿ ರಕ್ಷಿಸಲು ದಂಡಾಧಿಕಾರಿ ಆದೇಶಿಸಬಹುದು.

ಶಾಲೆಯ ಆಡಳಿತದ ಮೇಲಿನ ದೂರಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಜಿಲ್ಲಾ ಉಪನಿರ್ದೇಶಕರ ಕಚೇರಿಗಳಿವೆ. ಮಕ್ಕಳ ಹಕ್ಕುಗಳ ಉಲ್ಲಂಘನೆಯನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ವಿಚಾರಿಸುತ್ತದೆ. ವಿಕಲಚೇತನರ ಹಕ್ಕುಗಳಿಗೆಂದೇ ಇರುವ ಅಧಿಕಾರಿ ರಾಜ್ಯ ಆಯುಕ್ತರು. ವಿಚಾರಣೆಯ ವೇಳೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಸಂಬಂಧಿಸಿದ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ಕೈಗೊಳ್ಳಬೇಕು, ಒಪ್ಪದಿದ್ದರೆ ಅದೇ ಅವಧಿಯಲ್ಲಿ ಕಾರಣ ತಿಳಿಸಬೇಕು. ಖಾಸಗಿ ವಿಶೇಷ ಶಾಲೆಗಳು 2016ರ ಅಧಿನಿಯಮದಡಿ ನೋಂದಣಿ ಪಡೆದಿರಬೇಕು. ಆ ನೋಂದಣಿಯನ್ನು ರದ್ದು ಮಾಡುವ ಅವಕಾಶವೂ ಇದೆ. ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು. ಆದ್ದರಿಂದ ವೃತ್ತಿ ದುರ್ನಡತೆಯ ದೂರನ್ನು ಅಲ್ಲಿಗೂ ಒಯ್ಯಬಹುದು.

ಹಣದ ಚಿಂತೆಯಿಂದ ಹಿಂದೆ ಸರಿಯಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರಂತೆ ಮಕ್ಕಳಿಗೂ ವಿಕಲಚೇತನರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿನ ಪ್ರಾಧಿಕಾರದ ಕಚೇರಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಅರ್ಜಿ ಬರೆಯಲು, ಕಚೇರಿಗೆ ಜೊತೆಯಾಗಲು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಬಹುದು.

ದಾರಿಯಲ್ಲಿನ ತೊಡಕುಗಳು

ಇಷ್ಟೆಲ್ಲ ಇದ್ದೂ ಹೊಣೆಗಾರಿಕೆ ಕೈಜಾರುವುದಕ್ಕೆ ಕಾನೂನಿನೊಳಗಿನ ಸಂದುಗಳೂ ಕಾರಣ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆದ ಶಿಕ್ಷಕರಿಗೆ ಸೇವಾ ನಿಯಮದ ಪ್ರಕಾರ ಶಿಸ್ತುಕ್ರಮ ಹೇಳುತ್ತದೆಯೇ ಹೊರತು ಸೆರೆವಾಸವನ್ನಲ್ಲ. 92ನೇ ಕಲಂ ಅವಮಾನಕ್ಕೆ ‘ಸಾರ್ವಜನಿಕರ ಕಣ್ಣೆದುರು’ ಎಂಬ ಷರತ್ತನ್ನೂ ಹಲ್ಲೆಗೆ ‘ಮರ್ಯಾದೆ ಕಳೆಯುವ ಉದ್ದೇಶ’ ಎಂಬ ಷರತ್ತನ್ನೂ ಇಡುತ್ತದೆ. ಮುಚ್ಚಿದ ಕೋಣೆಯ ಪ್ರಕರಣಗಳಲ್ಲಿ ಇವೆರಡೂ ವಾದಕ್ಕೆ ಎಡೆ ಮಾಡುತ್ತವೆ. ಆರೋಪಿ ಸರ್ಕಾರಿ ನೌಕರರಾದರೆ 2016ರ ಅಧಿನಿಯಮದಡಿ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಆಯುಕ್ತರು ಕೊಡುವುದು ಶಿಫಾರಸು, ತೀರ್ಪಲ್ಲ. ಇದರ ಮೇಲೆ ‘ಮಗುವಿನ ಸುರಕ್ಷತೆಗಾಗಿಯೇ ಕಟ್ಟಿದೆವು’ ಎಂಬ ಸಮರ್ಥನೆ ಬರುತ್ತದೆ, ರಾಜಿಯ ಒತ್ತಡ ಬರುತ್ತದೆ, ವರ್ಷಗಟ್ಟಲೆ ವಿಚಾರಣೆ ಎಳೆಯುತ್ತದೆ. ಅಷ್ಟರಲ್ಲಿ ಮಗು ಶಾಲೆಯನ್ನೇ ಬಿಟ್ಟಿರುತ್ತದೆ.

ಬೇರೆ ದೇಶಗಳ ಪೋಷಕರೂ ಇದೇ ಗೋಡೆಗಳನ್ನು ಎದುರಿಸಿದ್ದಾರೆ. ಅಮೆರಿಕದ ಟೆಕ್ಸಾಸ್ ರಾಜ್ಯ 2015ರಲ್ಲಿ ಕಾನೂನು ಮಾಡಿ, ಪೋಷಕರು ಕೇಳಿದರೆ ವಿಶೇಷ ಶಿಕ್ಷಣದ ಪ್ರತ್ಯೇಕ ತರಗತಿಗಳಲ್ಲಿ ಕ್ಯಾಮೆರಾ ಅಳವಡಿಸಲೇಬೇಕೆಂದಿತು. ಮಿಷಿಗನ್ ರಾಜ್ಯದ ಶಾಲೆಯೊಂದು ಕಿವಿ ಕೇಳದ ವಿದ್ಯಾರ್ಥಿಗೆ ಸನ್ನೆಭಾಷೆ ಬಾರದ ಸಹಾಯಕರನ್ನು ಕೊಟ್ಟು ವರ್ಷಗಟ್ಟಲೆ ಕೂರಿಸಿದ್ದ ಆರೋಪದ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಪರಿಹಾರದ ಮೊಕದ್ದಮೆ ಮುಂದುವರಿಸಲು ಒಮ್ಮತದಿಂದ ದಾರಿ ಬಿಟ್ಟಿತು. ಕಲಿಸದೆ ಕೂರಿಸುವುದೂ ಪ್ರಶ್ನಿಸಬೇಕಾದ ಅನ್ಯಾಯವೇ ಎಂಬುದನ್ನು ಆ ಪ್ರಕರಣ ಮುಂದಿಟ್ಟಿತು.

ಶಿಕ್ಷೆಯಷ್ಟೇ ಮುಖ್ಯವಾದದ್ದು ತಡೆ. ತರಬೇತಿಯಿಲ್ಲದ ಒಬ್ಬ ಶಿಕ್ಷಕಿಯ ಕೈಗೆ ತುಂಬಿದ ತರಗತಿಯನ್ನೂ ವಿಶೇಷ ಗಮನ ಬೇಡುವ ಮಗುವನ್ನೂ ಒಟ್ಟಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ವ್ಯವಸ್ಥೆಯೂ ಇಲ್ಲಿ ಹೊಣೆಗಾರ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ವಿಶೇಷ ಶಿಕ್ಷಕರ ಅನುಪಾತ ನಿಗದಿಪಡಿಸಲು ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಹಂತದಲ್ಲಿ ಹತ್ತು, ಹಿರಿಯ ಪ್ರಾಥಮಿಕ ಹಂತದಲ್ಲಿ ಹದಿನೈದು ವಿಕಲಚೇತನ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಅಧಿಸೂಚನೆ ಹೊರಡಿಸಿತು. ಈ ಅನುಪಾತ ತಮ್ಮ ಶಾಲೆಯಲ್ಲಿದೆಯೇ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳುವುದು ಪ್ರತಿ ಪೋಷಕರ ಹಕ್ಕು, ವಿಕಲಚೇತನ ಮಗುವಿನ ಹೆತ್ತವರದಷ್ಟೇ ಅಲ್ಲ. ಅದೇ ತರಗತಿಯ ಬೇರೊಂದು ಮಗು ಮನೆಗೆ ಬಂದು ‘ಇವತ್ತು ಅವನನ್ನು ಕಟ್ಟಿಹಾಕಿದ್ದರು’ ಎಂದರೆ, ಆ ಮಾತನ್ನು ಕೇಳಿಸಿಕೊಂಡ ಮನೆಯವರು ಸುಮ್ಮನಿರಬಾರದು. ಹೇಳಲಾಗದ ಮಗುವಿನ ಪರವಾಗಿ ಹೇಳಬಲ್ಲವರು ಅವರೇ.