ಬೆಟ್ಟದ ಮೇಲಿನ ನೌಕಾಶಾಲೆ

ಕಡಲ ಮೇಲಣ ವಿದ್ಯೆಯನ್ನು ಕಡಲಿಲ್ಲದ ಬೆಟ್ಟದಲ್ಲಿ ಕಲಿಸುವುದೆಂದರೆ ಕೇಳಿದವರಿಗೆ ವಿಚಿತ್ರವೆನಿಸೀತು. ಆದರೂ ಮುಂಬಯಿ ಪುಣೆಗಳ ನಡುವೆ, ಸಹ್ಯಾದ್ರಿಯ ನೆತ್ತಿಯ ಲೋನಾವಳದಲ್ಲಿ, ಎರಡನೆಯ ಮಹಾಯುದ್ಧವಿನ್ನೂ ಮುಗಿಯದಿದ್ದ 1945ರ ಫೆಬ್ರವರಿಯಲ್ಲಿ ಆರಂಭವಾಗಿ, ಇಂದು ಐಎನ್‌ಎಸ್ ಶಿವಾಜಿ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯೇ ನಮ್ಮ ನೌಕಾಪಡೆಯ ಯಂತ್ರಜ್ಞರ ಗುರುಕುಲ. ವಿದ್ಯುತ್ ವಿಭಾಗದವರಿಗೆ ಜಾಮ್‌ನಗರದ ವಲ್ಸುರಾ. ಎಂಜಿನ್ ಕೋಣೆಯವರಿಗೆ ಇದು. 2020ರಲ್ಲಿ ಇದಕ್ಕೆ ರಾಷ್ಟ್ರಪತಿಗಳ ಧ್ವಜಗೌರವವೂ ಸಂದಿತು.

ಇಲ್ಲಿನ ಶಿಕ್ಷಣಕ್ರಮದಲ್ಲಿ ನನಗೆ ಅತ್ಯಂತ ಅರ್ಥಪೂರ್ಣವೆಂದು ತೋರುವುದು ಹಾನಿನಿಯಂತ್ರಣದ ಅಭ್ಯಾಸ. ಹಡಗಿನ ಒಳಭಾಗವನ್ನೇ ಹೋಲುವ ಉಕ್ಕಿನ ಕೋಣೆಗೆ ತರುಣರನ್ನು ಇಳಿಸಿ, ಕೋಣೆಯನ್ನು ಓಲಾಡಿಸುತ್ತ, ಗೋಡೆಯ ಬಿರುಕುಗಳಿಂದ ನೀರನ್ನು ರಭಸವಾಗಿ ನುಗ್ಗಿಸುತ್ತಾರೆ. ಮೊಣಕಾಲು ದಾಟಿ ಏರುವ ಆ ನೀರಿನಲ್ಲಿ ನಿಂತೇ ಅವರು ತೂತಿಗೆ ಮರದ ಬೆಣೆ ಜಡಿಯಬೇಕು, ಹಲಗೆಯೊತ್ತಿ ತೊಲೆಯ ಆನಿಕೆ ಕೊಡಬೇಕು. ಪಾಠವನ್ನು ಬಾಯಿಪಾಠ ಮಾಡಿ ಬಂದವನ ಬಂಡವಾಳ ಅಲ್ಲಿ ಕ್ಷಣಮಾತ್ರದಲ್ಲಿ ಬಯಲಾಗುತ್ತದೆ.

ಇಂತಹ ತರಬೇತಿ ಎಷ್ಟರಮಟ್ಟಿಗೆ ಫಲಕಾರಿ ಎಂಬುದನ್ನು ಮಾತ್ರ ಲೋನಾವಳದಲ್ಲಿ ಅಳೆಯಲಾಗದು. ಅದಕ್ಕೆ ನಮ್ಮ ಕಾರವಾರಕ್ಕೇ ಬರಬೇಕು. ಅಲ್ಲಿ ನೆಲೆಯಾಗಿರುವ ವಿಕ್ರಮಾದಿತ್ಯ ಎಂಟು ಬಾಯ್ಲರುಗಳ ಉಗಿಯಿಂದ ಚಲಿಸುವ ಹಡಗು. 2012ರಲ್ಲಿ, ರಷ್ಯದ ಉತ್ತರದ ಕಡಲಿನಲ್ಲಿ ನಡೆದ ಪರೀಕ್ಷಾಯಾನದಲ್ಲಿ, ಆ ಬಾಯ್ಲರುಗಳ ಒಳಗಣ ಶಾಖನಿರೋಧಕ ಹೊದಿಕೆ ಕೈಕೊಟ್ಟ ಕಾರಣ, ಹಡಗು ನಮ್ಮ ಕೈಸೇರುವುದು 2013ರ ನವೆಂಬರಿಗೆ ಮುಂದೂಡಲ್ಪಟ್ಟಿತು. 2022ರಲ್ಲಿ ಸೇವೆಗೆ ಸೇರಿದ ಸ್ವದೇಶಿ ವಿಕ್ರಾಂತವಾದರೋ ನಾಲ್ಕು ಗ್ಯಾಸ್ ಟರ್ಬೈನುಗಳದು. ಅಲ್ಲಿ ಬಾಯ್ಲರಿನ ಪ್ರಸ್ತಾಪವೇ ಇಲ್ಲ. ಉಗಿಯಲ್ಲಿ ಪಳಗಿದ ಕೈಯನ್ನು ಟರ್ಬೈನಿಗೂ, ಟರ್ಬೈನಿನ ಕೈಯನ್ನು ಉಗಿಗೂ ವರ್ಗಾಯಿಸುತ್ತ ಹೋದರೆ ಶಾಲೆಯ ಪರಿಶ್ರಮದಲ್ಲಿ ಅರೆಪಾಲು ಸೋರಿಹೋಗುತ್ತದೆಂದು ನನ್ನ ಅಭಿಪ್ರಾಯ. ಆಡಳಿತದ ಅನುಕೂಲಕ್ಕೆ ಈ ವಾದ ರುಚಿಸಲಿಕ್ಕಿಲ್ಲ.

ಶಾಲೆಯೂ ತನ್ನ ಮಿತಿಯನ್ನು ಅರಿಯದುದೇನಲ್ಲ. ಉತ್ತೀರ್ಣನಾಗಿ ಬಂದ ತರುಣನಿಗೆ ಹಡಗಿನವರು ಯಂತ್ರವನ್ನು ತತ್‌ಕ್ಷಣವೇ ಒಪ್ಪಿಸುವುದಿಲ್ಲ: ಹಿರಿಯನೊಬ್ಬನ ಪಕ್ಕದಲ್ಲಿ ಹಗಲಿರುಳಿನ ಪಾಳಿಗಳನ್ನು ನಿಂತು, ಪೈಪುಗಳ ಜಾಡನ್ನು ಅಡಿಯಿಂದ ಮುಡಿಯವರೆಗೆ ಹಿಡಿದು, ಪಂಪಿನ ಸದ್ದು ಬದಲಾದುದನ್ನು ಮಾಪಕದ ಮುಳ್ಳಿಗಿಂತ ಮೊದಲೇ ಗುರುತಿಸುವಷ್ಟು ಕಿವಿಯನ್ನು ಹದಗೊಳಿಸಿ, ಆ ಹಡಗಿನದೇ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲಷ್ಟೇ ಅವನು ಒಬ್ಬನೇ ಪಾಳಿ ನೋಡಬಹುದು.