ಚೈನ್ ಬಿಗಿ ಮಾಡಿದ್ರಿ, ಬ್ರೇಕ್ ಲೈಟ್ ನೋಡಿದ್ರಾ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಮಾತು ನಿಮ್ಮ ಗಾಡಿಯ ಹಿಂದಿರುವ ಸಣ್ಣ ಕೆಂಪು ದೀಪದ ಬಗ್ಗೆ. ಓಡಿಸುವವರಿಗೆ ಕಾಣೋದಿಲ್ಲ, ಹಿಂದೆ ಬರುವವರಿಗೆ ಮಾತ್ರ ಕಾಣುತ್ತೆ. ಹಾರ್ನ್ ಕೆಟ್ಟರೆ ಒಂದೇ ನಿಮಿಷಕ್ಕೆ ಗೊತ್ತಾಗುತ್ತೆ. ಬ್ರೇಕ್ ಲೈಟ್ ಕೆಟ್ಟರೆ ಯಾರಾದ್ರೂ ಹೇಳುವವರೆಗೂ ಗೊತ್ತಾಗೋದಿಲ್ಲ.

ಹಿಂಗೆ ಅಂದ್ಕೊಳ್ರಿ. ಸವಣೂರಿನ ಒಬ್ಬ ಹುಡುಗ. 100 ಸಿಸಿ ಗಾಡಿ, ಹಿಂದೆ ಡ್ರಮ್ ಬ್ರೇಕ್. ಭಾನುವಾರ ಮನೆ ಮುಂದೆ ಗಾಡಿ ನಿಲ್ಲಿಸಿ, ಮೊಬೈಲಿನಲ್ಲಿ ವಿಡಿಯೊ ನೋಡ್ಕೊಂಡು ತಾನೇ ಚೈನ್ ಬಿಗಿ ಮಾಡಿದ. ಪಾನಾ ಕೈಯಾಗ ಇದೆಯಲ್ಲ ಅಂತ ಹಿಂದಿನ ಬ್ರೇಕನ್ನೂ ಒಂದಿಷ್ಟು ಟೈಟ್ ಮಾಡಿದ. ಸೋಮವಾರ ಚಾವಿ ಹಾಕಿದ್ರೆ ಹಿಂದಿನ ಲೈಟ್ ಜೋರಾಗಿ ಹತ್ತಿಬಿಟ್ಟಿದೆ, ಆರುತ್ತಲೇ ಇಲ್ಲ. 'ಹತ್ತತದಲ್ಲ, ಬಿಡು' ಅಂತ ಹೊರಟ.

ಬಿಡೋ ಹಾಗಿಲ್ಲ. ಯಾವಾಗಲೂ ಹತ್ತಿರೋ ಬ್ರೇಕ್ ಲೈಟ್ ಹಿಂದಿನವರಿಗೆ ಏನೂ ಹೇಳೋದಿಲ್ಲ. ಶಿಗ್ಗಾಂವಿಗೆ ಬಂದು ರಾಷ್ಟ್ರೀಯ ಹೆದ್ದಾರಿ 48 ಹತ್ತಿದ್ರೆ ನಿಮ್ಮ ಬೆನ್ನಿಗೆ ಲಾರಿ, ಬಸ್ಸು. ಗಂಟೆಗೆ 60 ಕಿ.ಮೀ. ವೇಗ ಅಂದ್ರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ನೀವು ಬ್ರೇಕ್ ಒತ್ತಿದ್ದು ಹಿಂದಿನ ಡ್ರೈವರಿಗೆ ಒಂದೇ ಒಂದು ಸೆಕೆಂಡ್ ತಡವಾಗಿ ತಿಳಿದರೂ, ಆತ ಅಷ್ಟು ದೂರ ಹತ್ತಿರ ಬಂದುಬಿಟ್ಟಿರ್ತಾನೆ.

ಮೊದಲು ಈ ದೀಪ ಹೇಗೆ ಹತ್ತುತ್ತೆ ಅಂತ ತಿಳ್ಕೊಳ್ಳೋಣ

ಬ್ಯಾಟರಿಯಿಂದ ಕರೆಂಟ್ ಹೊರಟು ಫ್ಯೂಸ್ ದಾಟಿ, ಚಾವಿ ದಾಟಿ, ಎರಡು ಸ್ವಿಚ್‌ಗಳಿಗೆ ಬರುತ್ತೆ. ಒಂದು ಮುಂದಿನ ಬ್ರೇಕ್ ಲಿವರ್ ಬುಡದಲ್ಲಿ. ಇನ್ನೊಂದು ಕಾಲಿನ ಪೆಡಲ್ ಹತ್ತಿರ, ಸಣ್ಣ ಸ್ಪ್ರಿಂಗಿನಿಂದ ಜೋತುಬಿದ್ದಿರುತ್ತೆ. ಎರಡರಲ್ಲಿ ಯಾವುದು ಒತ್ತಿದರೂ ಬಲ್ಬ್ ಹತ್ತುತ್ತೆ. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಮುಂದಿನ ಬ್ರೇಕಿಗೆ ಸ್ವಿಚ್ ಇರೋದಿಲ್ಲ, ಅದು ನೆನಪಿರಲಿ.

ಬಲ್ಬ್ ಒಂದೇ ಆದರೂ ಒಳಗೆ ಎರಡು ತಂತಿ ಇರ್ತವೆ. ಬಲ್ಬಿನ ಮೇಲೆ 12 ವೋಲ್ಟ್, 21/5 ವಾಟ್ ಅಂತಲೋ, 10/5 ವಾಟ್ ಅಂತಲೋ ಬರೆದಿರುತ್ತೆ. 5 ವಾಟಿನದು ಸದಾ ಹತ್ತುವ ಟೇಲ್ ಲೈಟ್. ಹೆಚ್ಚು ವಾಟಿನದು ಬ್ರೇಕ್ ಲೈಟ್. ಹಂಗಾಗಿ ಟೇಲ್ ಲೈಟ್ ಹತ್ತಿದೆ ಅಂದ ಮಾತ್ರಕ್ಕೆ ಬಲ್ಬ್ ಚೆನ್ನಾಗಿದೆ ಅಂತ ಅಲ್ಲ. ಒಂದು ತಂತಿ ಸುಟ್ಟು ಇನ್ನೊಂದು ಉಳಿದಿರಬಹುದು.

ಚೈನಿಗೂ ಲೈಟಿಗೂ ಏನು ಸಂಬಂಧ?

ಆ ಹುಡುಗನ ಗಾಡಿಗೆ ಬರೋಣ. ಚೈನ್ ಬಿಗಿ ಮಾಡೋದು ಅಂದ್ರೆ ಹಿಂದಿನ ಗಾಲಿಯನ್ನ ಸ್ವಲ್ಪ ಹಿಂದಕ್ಕೆ ಎಳೆಯೋದು. ಆದರೆ ಪೆಡಲಿನಿಂದ ಡ್ರಮ್ಮಿಗೆ ಹೋಗುವ ಬ್ರೇಕ್ ರಾಡ್ ಉದ್ದ ಅಷ್ಟೇ ಇರುತ್ತೆ. ಗಾಲಿ ಹಿಂದಕ್ಕೆ ಹೋದಷ್ಟೂ ರಾಡ್ ಬಿಗಿಯಾಗುತ್ತೆ. ಅದರ ಮೇಲೆ ಬ್ರೇಕ್ ನಟ್ಟನ್ನೂ ತಿರುಗಿಸಿದ್ರೆ ಪೆಡಲ್ ಇದ್ದಲ್ಲೇ ಅರ್ಧ ಒತ್ತಿದ ಹಾಗೆ ಆಗುತ್ತೆ. ಸ್ವಿಚ್ಚಿನ ಸ್ಪ್ರಿಂಗ್ ಎಳೆದೇ ಇರುತ್ತೆ, ಲೈಟ್ ಆರೋದಿಲ್ಲ.

ಇಲ್ಲಿ ಲೈಟ್ ಬರೀ ಲಕ್ಷಣ ಇರಬಹುದು. ನಿಜವಾದ ತೊಂದರೆ ಒಳಗೆ ಬ್ರೇಕ್ ಶೂ ಡ್ರಮ್ಮಿಗೆ ತಿಕ್ಕುತ್ತಾ ಇರೋದು. ಮೈಲೇಜ್ ಇಳಿಯುತ್ತೆ, ಡ್ರಮ್ ಕಾಯುತ್ತೆ, ಶೂ ಬೇಗ ಸವೆಯುತ್ತೆ. ಆದ್ದರಿಂದ ಸ್ವಿಚ್ ಕಿತ್ತು ಲೈಟ್ ಆರಿಸಿ ಸುಮ್ಮನಾಗಬೇಡ್ರಿ.

ಎಂಜಿನ್ ಆಫ್, ಗಾಡಿ ನ್ಯೂಟ್ರಲ್, ಸೆಂಟರ್ ಸ್ಟ್ಯಾಂಡ್. ಗಾಲಿಯನ್ನ ಕೈಯಿಂದ ತಿರುಗಿಸಿ. ಹಗುರಾಗಿ ಸುತ್ತಬೇಕು. ಅರ್ಧಕ್ಕೇ ನಿಂತರೆ ಬ್ರೇಕ್ ಹಿಡಿದಿದೆ ಅಂತ ಅರ್ಥ. ಬ್ರೇಕ್ ರಾಡಿನ ತುದಿಯ ನಟ್ ಅನ್ನ ಸ್ವಲ್ಪ ಸ್ವಲ್ಪವೇ ಸಡಿಲ ಮಾಡ್ತಾ ಬನ್ನಿ. ಪೆಡಲ್ ತುದಿ ಎರಡರಿಂದ ಮೂರು ಸೆಂಟಿಮೀಟರ್ ಸುಮ್ಮನೆ ಕೆಳಗಿಳಿದು, ಆಮೇಲೆ ಬ್ರೇಕ್ ಹಿಡಿಯಬೇಕು. ನಿಮ್ಮ ಗಾಡಿಯ ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿ ಇರುತ್ತೆ, ಅದನ್ನೇ ಹಿಡೀರಿ.

ಇಷ್ಟಾದ ಮೇಲೇ ಸ್ವಿಚ್. ಈ ಕ್ರಮ ನೆನಪಿಡಿ: ಮೊದಲು ಚೈನ್, ಆಮೇಲೆ ಆಕ್ಸಲ್ ನಟ್ ಪೂರ್ತಿ ಬಿಗಿ, ಆಮೇಲೆ ಬ್ರೇಕ್, ಕೊನೆಗೆ ಸ್ವಿಚ್. ಮೊದಲೇ ಸ್ವಿಚ್ ಸರಿ ಮಾಡಿದ್ರೆ, ಬ್ರೇಕ್ ಮುಟ್ಟಿದ ಕೂಡಲೇ ಅದು ಮತ್ತೆ ತಪ್ಪುತ್ತೆ.

ಸ್ವಿಚ್ಚಿಗೆ ಪ್ಲಾಸ್ಟಿಕ್ ನಟ್ ಇರುತ್ತೆ. ಸ್ವಿಚ್ಚನ್ನ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಟ್ ಮಾತ್ರ ತಿರುಗಿಸಿ. ಸ್ವಿಚ್ಚನ್ನೇ ತಿರುವಿದ್ರೆ ವೈರ್ ತಿರುಚಿ ಹರಿಯುತ್ತೆ. ಸ್ವಿಚ್ ಮೇಲಕ್ಕೆ ಬಂದಷ್ಟೂ ಲೈಟ್ ಬೇಗ ಹತ್ತುತ್ತೆ, ಕೆಳಗಿಳಿದಷ್ಟೂ ತಡ. ಬ್ರೇಕ್ ಹಿಡಿಯೋಕೆ ಶುರುವಾಗುವ ಸ್ವಲ್ಪ ಮುಂಚೆ ಲೈಟ್ ಹತ್ತಬೇಕು, ಕಾಲು ತೆಗೆದ ಕೂಡಲೇ ಆರಬೇಕು.

ಆಗಲೂ ಆರಲಿಲ್ವಾ? ಸ್ಪ್ರಿಂಗ್ ಬಿಚ್ಚಿ ನೋಡಿ. ಆರಿದ್ರೆ ಪೆಡಲ್ ಪೂರ್ತಿ ಮೇಲೆ ಬರ್ತಿಲ್ಲ, ಮಣ್ಣು ಕೂತಿದೆಯಾ, ಪೆಡಲಿನ ಸ್ಪ್ರಿಂಗ್ ಕಳಚಿದೆಯಾ ನೋಡಿ. ಆರದಿದ್ರೆ ಹಿಂದಿನ ಸ್ವಿಚ್ಚಿನ ವೈರ್ ಬಿಡಿಸಿ. ಈಗ ಆರಿತು ಅಂದ್ರೆ ಸ್ವಿಚ್ ಒಳಗೇ ಅಂಟಿಕೊಂಡಿದೆ. ಇನ್ನೂ ಹತ್ತೇ ಇದ್ರೆ ಮುಂದಿನ ಲಿವರಿನ ಸ್ವಿಚ್ ನೋಡಿ.

ಹತ್ತುತ್ತಲೇ ಇಲ್ಲ ಅಂದ್ರೆ?

ಚಾವಿ ಆನ್ ಮಾಡಿ. ಮುಂದಿನದು, ಹಿಂದಿನದು ಬೇರೆ ಬೇರೆ ಒತ್ತಿ. ಈ ಒಂದೇ ಪರೀಕ್ಷೆ ಅರ್ಧ ಉತ್ತರ ಕೊಡುತ್ತೆ.

ಒಂದಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತಲಿಲ್ಲ ಅಂದ್ರೆ ಬಲ್ಬ್, ಫ್ಯೂಸ್ ಎರಡೂ ಚೆನ್ನಾಗಿವೆ. ಹತ್ತದ ಕಡೆಯ ಸ್ವಿಚ್ ಅಥವಾ ಅದರ ವೈರಿನದೇ ತಪ್ಪು. ಆ ಸ್ವಿಚ್ಚಿನ ಎರಡೂ ವೈರ್ ಬಿಡಿಸಿ ಒಂದಕ್ಕೊಂದು ಮುಟ್ಟಿಸಿ, ಚಾಸಿಗೆ ತಾಗದಂತೆ ನೋಡ್ಕೊಳ್ಳಿ. ಲೈಟ್ ಹತ್ತಿದ್ರೆ ಸ್ವಿಚ್ ಹೋಗಿದೆ, ಬದಲಿಸಿ.

ಎರಡಕ್ಕೂ ಹತ್ತಲಿಲ್ಲ ಅಂದ್ರೆ ಹಾರ್ನ್, ಇಂಡಿಕೇಟರ್ ನೋಡಿ. ಅವೂ ಸತ್ತಿದ್ರೆ ಫ್ಯೂಸ್ ಕಡೆ ಹೋಗಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನ ಹೊಸದು ಹಾಕಿ. ತಂತಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋದು ಬೇಡವೇ ಬೇಡ. ಮುಂದಿನ ಸಲ ಫ್ಯೂಸಿನ ಬದಲು ವೈರಿಂಗ್ ಸುಡುತ್ತೆ. ಹಾರ್ನ್ ಚೆನ್ನಾಗಿದ್ರೆ ಬಲ್ಬ್ ತೆಗೆದು ನೋಡಿ, ಹೋಲ್ಡರಿನಲ್ಲಿ ಹಸಿರು ಕಿಲುಬು ಕಟ್ಟಿದೆಯಾ ನೋಡಿ. ಪ್ರೆಷರ್ ವಾಶ್ ಮಾಡಿಸಿದ ಮರುದಿನ ಈ ತೊಂದರೆ ಬಂದ್ರೆ ನೀರಿನ ಮೇಲೇ ಮೊದಲ ಅನುಮಾನ. ಹೊಸ ಗಾಡಿಗಳ ಎಲ್‌ಇಡಿ ದೀಪದಲ್ಲಿ ಬದಲಿಸುವ ಬಲ್ಬ್ ಇರೋದಿಲ್ಲ. ಸ್ವಿಚ್, ಕನೆಕ್ಟರ್ ಚೆನ್ನಾಗಿದ್ರೆ ಗ್ಯಾರೇಜಿಗೆ ಒಯ್ಯಿರಿ.

ಇನ್ನೊಂದು ವಿಚಿತ್ರ ಲಕ್ಷಣ. ಬ್ರೇಕ್ ಒತ್ತಿದ್ರೆ ಟೇಲ್ ಲೈಟ್ ಮಂಕಾಗುತ್ತೆ ಅಥವಾ ಇಂಡಿಕೇಟರ್ ಸಣ್ಣಗೆ ಮಿಣುಕುತ್ತೆ. ಇದು ಹೆಚ್ಚಾಗಿ ಅರ್ತಿಂಗ್ ತೊಂದರೆ. ಕರೆಂಟಿಗೆ ವಾಪಸ್ ಹೋಗಲು ಸರಿಯಾದ ದಾರಿ ಇಲ್ಲ, ಬೇರೆ ದೀಪದ ಮೂಲಕ ನುಗ್ಗುತ್ತಿದೆ. ಅರ್ತ್ ವೈರಿನ ತುದಿ ಮರಳು ಕಾಗದದಿಂದ ತಿಕ್ಕಿ ಬಿಗಿ ಮಾಡಿ.

ಎಲ್ಲಿ ನಿಲ್ಲಿಸಬೇಕು?

ಎಲ್ಲವನ್ನೂ ಮನೆಯಲ್ಲೇ ಮಾಡಬೇಕಂತಿಲ್ಲ. 2019ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಜಾರಿಯಾದ ನಿಯಮದಂತೆ ಹೊಸ ಗಾಡಿಗಳಿಗೆ 125 ಸಿಸಿವರೆಗೆ ಸಿಬಿಎಸ್ ಆದರೂ ಬೇಕಿತ್ತು, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಬೇಕಿತ್ತು. ಸಿಬಿಎಸ್ ಅಂದ್ರೆ ಹಿಂದಿನ ಪೆಡಲ್ ಒತ್ತಿದ್ರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯೋ ವ್ಯವಸ್ಥೆ. ಅದರ ಕೇಬಲ್, ಎಬಿಎಸ್ ದೀಪ, ಡಿಸ್ಕಿನ ಆಯಿಲ್ ಪೈಪ್ ಇವುಗಳ ತಂಟೆಗೆ ಹೋಗದೆ ಮೆಕ್ಯಾನಿಕ್ಕಿಗೆ ಕೊಡಿ.

ಕೆಲಸ ಮುಗಿದ ಮೇಲೆ ಒಂದು ನಿಮಿಷದ ಪರೀಕ್ಷೆ. ಮೊಬೈಲನ್ನ ಗಾಡಿಯ ಹಿಂದೆ ಒಂದು ಕಲ್ಲಿಗೆ ಒರಗಿಸಿ ವಿಡಿಯೊ ಆನ್ ಮಾಡಿ. ಚಾವಿ ಹಾಕಿ ಮುಂದಿನ ಬ್ರೇಕ್ ಮೂರು ಸಲ, ಹಿಂದಿನದು ಮೂರು ಸಲ. ವಿಡಿಯೊದಲ್ಲಿ ಆರು ಸಲ ಹತ್ತಿ ಆರು ಸಲ ಆರಿರಬೇಕು. ಏನಾದ್ರೂ ಬಿಚ್ಚುವ ಮುಂಚೆಯೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಯಾವ ಸ್ಪ್ರಿಂಗ್ ಎಲ್ಲಿತ್ತು ಅನ್ನೋ ಗೊಂದಲ ಇರೋದಿಲ್ಲ.

ಮತ್ತೆ, ನಸುಕಿನಲ್ಲಿ ಎಲೆ ಪೆಂಡಿ, ಗೋವಿನಜೋಳದ ಚೀಲ ಹಿಂದೆ ಕಟ್ಟಿಕೊಂಡು ಹೋಗುವವರು ಹೊರಡುವ ಮುಂಚೆ ಒಂದು ಸಲ ಹಿಂದೆ ನಿಂತು ನೋಡಿ. ಲೈಟ್ ಚೆನ್ನಾಗಿದ್ದೂ ಚೀಲ ಮುಚ್ಚಿದ್ರೆ ಇದ್ದೂ ಇಲ್ಲದಂಗೆ.

ಗಾಡಿಗೆ ಕೈ ಹಚ್ಚಿದ ಮೇಲೆ ಏನಾದ್ರೂ ಕೆಟ್ಟರೆ, ಕೊನೆಗೆ ಮುಟ್ಟಿದ್ದನ್ನೇ ಮೊದಲು ನೋಡಿ. ಹೊಸ ಬಲ್ಬ್, ಹೊಸ ಸ್ವಿಚ್ ಅಂತ ದುಡ್ಡು ಹಾಕೋದು ಆಮೇಲೆ. ಗಾಡಿ ಇರುವ ಗೆಳೆಯರಿಗೆ ಈ ಸಂಚಿಕೆ ಕಳಿಸಿ. ಅದಕ್ಕೂ ಮುಂಚೆ ಅವರ ಗಾಡಿಯ ಹಿಂದೆ ನಿಂತು, 'ಒಮ್ಮೆ ಬ್ರೇಕ್ ಒತ್ತು ನೋಡೋಣ' ಅನ್ನಿ.